ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮೊದಲು ಕಾಟ್ರಿಜ್, ಆಮೇಲೆ ಪಿಸ್ತೂಲು

ದಾವಣಗೆರೆ, ಚಿತ್ರದುರ್ಗ ಸೀಮೆಯ ಓದುಗರಿಂದ ಹಳೆಯ ಪಿಸ್ತೂಲು, ರಿವಾಲ್ವರ್ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬಂದಿದ್ದರೆ ಒಟ್ಟುಗೂಡಿಸಿದ್ದೇವೆ. ಬರೆದವರ ಹೆಸರು ಹಾಕಿಲ್ಲ. ಮನೆಯಲ್ಲಿ ಬಂದೂಕಿದೆ ಎಂಬ ಸಂಗತಿ ಊರಿಗೆಲ್ಲ ತಿಳಿಯಬೇಕಾಗಿಲ್ಲ.

ಪ್ರಶ್ನೆ: ಹಳೆಯ ಕಾಲದ ಪಿಸ್ತೂಲುಗಳನ್ನು ಸಂಗ್ರಹಿಸುವ ಆಸೆ ಬಹಳ ವರ್ಷದ್ದು. ಇನ್ನೂ ಒಂದೂ ಇಲ್ಲ. ಮೊದಲಿಗೆ ಒಂದು ಲ್ಯೂಗರ್ ಪಿಸ್ತೂಲು ಇಲ್ಲವೇ .455 ವೆಬ್ಲಿ ರಿವಾಲ್ವರ್ ತೆಗೆದುಕೊಂಡು, ಆಮೇಲೆ ವರ್ಷಕ್ಕೊಂದರಂತೆ ಸೇರಿಸೋಣ ಅಂದುಕೊಂಡಿದ್ದೇನೆ. ಎರಡರಲ್ಲಿ ಯಾವುದು ವಾಸಿ?
— ದಾವಣಗೆರೆಯ ಓದುಗರು

ಉತ್ತರ: ಎರಡೂ ಬೇಡ. ವರ್ಷಕ್ಕೊಂದು ಎಂಬ ಲೆಕ್ಕವೂ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಒಬ್ಬರ ಬಳಿ ಇರಬಹುದಾದದ್ದು ಎರಡೇ ಬಂದೂಕು. ಮೊದಲು ಮೂರಿತ್ತು. ವಂಶಪಾರಂಪರ್ಯವಾಗಿ ಬಂದದ್ದಕ್ಕೂ ಇದೇ ಮಿತಿ. ಆದ್ದರಿಂದ ನಮ್ಮಲ್ಲಿ ‘ಸಂಗ್ರಹ’ ಅಂದರೆ ಒಂದು, ಹೆಚ್ಚೆಂದರೆ ಎರಡು. ಆರಿಸುವುದರಲ್ಲಿ ತಪ್ಪಿದರೆ ತಿದ್ದಿಕೊಳ್ಳುವ ಜಾಗ ಕಡಿಮೆ.

ದಾವಣಗೆರೆಯವರಿಗೆ ಪಿ.ಬಿ. ಅಂದರೆ ಪೂನಾ–ಬೆಂಗಳೂರು ರಸ್ತೆ. ಲೈಸೆನ್ಸಿನ ಭಾಷೆಯಲ್ಲಿ ಪಿ.ಬಿ. ಅಂದರೆ ಪ್ರೊಹಿಬಿಟೆಡ್ ಬೋರ್, ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಆ ರಸ್ತೆಗೆ ಇಳಿಯಬೇಡಿ. .380 ಅಥವಾ .455 ಅಂಚುಳ್ಳ ಕಾಟ್ರಿಜ್ (ಮದ್ದು, ಗುಂಡು ಸೇರಿದ ತೋಟಾ), ಸೈನ್ಯದ 9 ಮಿ.ಮೀ. ಅಥವಾ .45 ಕಾಟ್ರಿಜ್ ತುಂಬಿ ಹಾರಿಸಬಹುದಾದ ಯಾವುದೇ ಪಿಸ್ತೂಲು, ರಿವಾಲ್ವರ್ ಆ ಪಟ್ಟಿಯಲ್ಲಿ ಬರುತ್ತದೆ. ನೀವು ಕೇಳಿದ .455 ವೆಬ್ಲಿ, 9 ಮಿ.ಮೀ. ಲ್ಯೂಗರ್, ಬ್ರೌನಿಂಗ್ ಹೈ ಪವರ್, ಕೋಲ್ಟ್ 1911, ಎನ್‌ಫೀಲ್ಡ್‌ನ .380 ರಿವಾಲ್ವರ್ ಎಲ್ಲವೂ ಅದರೊಳಗೆ. ಇವಕ್ಕೆ ಲೈಸೆನ್ಸ್ ಕೊಡುವ ಅಧಿಕಾರ ಕೇಂದ್ರ ಗೃಹ ಇಲಾಖೆಯದು, ನಮ್ಮ ಜಿಲ್ಲಾಧಿಕಾರಿಗಳದಲ್ಲ. ಲ್ಯೂಗರ್‌ನಲ್ಲಿ 7.65 ಪ್ಯಾರಾಬೆಲಮ್ ಎಂಬ ಇನ್ನೊಂದು ಬಗೆಯಿದೆ. ಅದು ಈ ಪಟ್ಟಿಯಲ್ಲಿ ಸಿಕ್ಕಿಬೀಳದಿದ್ದರೂ ಅದರ ಕಾಟ್ರಿಜ್ ನಮ್ಮ ಅಂಗಡಿಗಳಲ್ಲಿ ಸಿಗುವಂಥದಲ್ಲ. ಹಾರಿಸಲಾಗದ ಪಿಸ್ತೂಲಿಗೆ ಇರುವ ಎರಡು ಜಾಗಗಳಲ್ಲಿ ಒಂದನ್ನು ಬಿಟ್ಟುಕೊಟ್ಟಂತಾಗುತ್ತದೆ.

ಹಾಗಾಗಿ ಹಿಂದುಮುಂದಾಗಿ ಯೋಚಿಸಿ. ಭಾರತದಲ್ಲಿ ತಯಾರಾಗಿ ಅಂಗಡಿಗೆ ಬರುವ ಕಾಟ್ರಿಜ್ ಯಾವುದು ಎಂದು ಮೊದಲು ನೋಡಿ, ಅದನ್ನು ತಿನ್ನುವ ಹಳೆಯ ಪಿಸ್ತೂಲು ಯಾವುದೆಂದು ಆಮೇಲೆ ಹುಡುಕಿ. ಉತ್ತರ .32ಕ್ಕೆ ಬಂದು ನಿಲ್ಲುತ್ತದೆ. ಪಿಸ್ತೂಲಿಗೆ .32 ಎ.ಸಿ.ಪಿ. (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲ್), ರಿವಾಲ್ವರಿಗೆ .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಲಾಂಗ್. ಎರಡೂ ನಮ್ಮ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಬುಡದಲ್ಲಿ ‘ಕೆ.ಎಫ್.’ ಎಂಬ ಅಕ್ಷರವಿದ್ದರೆ ಪುಣೆ ಬಳಿಯ ಖಡ್ಕಿಯದು. 2021ರ ಅಕ್ಟೋಬರಿನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಮದ್ದುಗುಂಡಿನ ವಿಭಾಗ ಮ್ಯುನಿಷನ್ಸ್ ಇಂಡಿಯಾ ಹೆಸರಿನಲ್ಲಿದೆ.

ಈ ಬೋರಿನಲ್ಲಿ ಚರಿತ್ರೆಗೇನೂ ಬರವಿಲ್ಲ. ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್ 1903 ಪಾಕೆಟ್ ಹ್ಯಾಮರ್‌ಲೆಸ್ (ಮ್ಯಾಗಜೀನಿನಲ್ಲಿ, ಅಂದರೆ ಹಿಡಿಕೆಯೊಳಗಿನ ಕಾಟ್ರಿಜ್ ಪೆಟ್ಟಿಗೆಯಲ್ಲಿ, 8), ಬೆಲ್ಜಿಯಮ್ಮಿನ ಎಫ್.ಎನ್. 1910 (7), ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ .32 (8), ಜರ್ಮನಿಯ ವಾಲ್ಥರ್ ಪಿ.ಪಿ. (8), ಅದರ ತಮ್ಮ ಪಿ.ಪಿ.ಕೆ. (7). ಇವುಗಳಲ್ಲಿ ಮೊದಲ ಪಿಸ್ತೂಲಾಗಿ ಕೊಳ್ಳಲು ನಮ್ಮ ಓಟು ಕೋಲ್ಟ್ 1903ಕ್ಕೆ: ಗಟ್ಟಿ, ಒಳಗಿನ ಭಾಗಗಳು ಹೆಚ್ಚು ನಾಜೂಕಲ್ಲ, ಲಕ್ಷಗಟ್ಟಲೆ ತಯಾರಾದ್ದರಿಂದ ಗುರುತು ಹಿಡಿಯುವುದೂ ಸುಲಭ. ವಾಲ್ಥರಿನ ಅಂದ ಹೆಚ್ಚು, ಬೆಲೆಯೂ ಹೆಚ್ಚು. ಒಳಗಿನ ಸಣ್ಣ ಸ್ಪ್ರಿಂಗ್ ಒಂದು ಮುರಿದರೆ ಹುಡುಕುತ್ತಾ ಕೂರಬೇಕು. ರಿವಾಲ್ವರ್ ಇಷ್ಟವಾದರೆ ವೆಬ್ಲಿ ಮಾರ್ಕ್ 4 ಮಾದರಿಯ .32, ಇಲ್ಲವೇ ಸ್ಮಿತ್ ಅಂಡ್ ವೆಸನ್ ಹ್ಯಾಂಡ್ ಇಜೆಕ್ಟರ್. 1980ರ ದಶಕದ ನಡುವಿನಿಂದ ಸಾಮಾನ್ಯ ಲೈಸೆನ್ಸುದಾರರಿಗೆ ವಿದೇಶಿ ಬಂದೂಕಿನ ಆಮದು ನಿಂತಿದೆ. ಇರುವ ಹಳೆಯ ವಿದೇಶಿ ಪಿಸ್ತೂಲುಗಳೇ ಕೈಯಿಂದ ಕೈಗೆ ಹೋಗುತ್ತವೆ; ಬೆಲೆಯಲ್ಲಿ ಅರ್ಧ ಹೆಸರಿಗೆ, ಅರ್ಧ ಅಭಾವಕ್ಕೆ.

ಇನ್ನೊಂದು ಮಾತು. ಅರ್ಜಿಯಲ್ಲಿ ‘ಹಳೆಯ ಪಿಸ್ತೂಲು ಸಂಗ್ರಹಿಸುವ ಹವ್ಯಾಸ’ ಎಂದು ಕಾರಣ ಕೊಟ್ಟರೆ ಕೆಲಸ ಆಗುವುದಿಲ್ಲ. ಪಿಸ್ತೂಲಿನ ಲೈಸೆನ್ಸಿಗೆ ಜೀವಕ್ಕಿರುವ ಅಪಾಯ ಅಥವಾ ಕ್ರೀಡೆಯಂಥ ಕಾರಣವನ್ನು ದಾಖಲೆ ಸಮೇತ ತೋರಿಸಬೇಕು. ನಮೂನೆ ಎ-1ರಲ್ಲಿ ಅರ್ಜಿ, ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಸುರಕ್ಷತೆಯ ತರಬೇತಿ ಪತ್ರ, ಮನೆಯಲ್ಲಿ ಭದ್ರವಾಗಿ ಇಡುವ ವ್ಯವಸ್ಥೆಯ ವಿವರ, ಆಮೇಲೆ ಪೊಲೀಸ್ ವರದಿ, ಕೊನೆಗೆ ಜಿಲ್ಲಾಧಿಕಾರಿಗಳ ತೀರ್ಮಾನ. ಲೈಸೆನ್ಸ್ ಕೈಗೆ ಬರುವ ಮುಂಚೆ ಯಾರಿಗೂ ಮುಂಗಡ ಕೊಡಬೇಡಿ. ಮಾರುವವರು ಖಾಸಗಿ ಲೈಸೆನ್ಸುದಾರರಾದರೆ ಅವರು ಜಿಲ್ಲಾಧಿಕಾರಿಗಳಿಗೋ ಠಾಣೆಗೋ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕು. ‘ನಾಳೆಯೇ ಒಯ್ಯಿರಿ’ ಎನ್ನುವವರನ್ನು ಅಲ್ಲಿಗೇ ಬಿಟ್ಟುಬಿಡಿ. ಕೊಂಡ ಮೇಲೆ ನಂಬರು ಲೈಸೆನ್ಸಿನಲ್ಲಿ ದಾಖಲಾಗುವವರೆಗೆ ಕೆಲಸ ಮುಗಿದಿಲ್ಲ.

ಪ್ರಶ್ನೆ: ನನ್ನ ಪಿಸ್ತೂಲಿನ ಮೇಲೆ ‘7.65’ ಎಂದಿದೆ. ಲೈಸೆನ್ಸಿನಲ್ಲಿ .32 ಎಂದಿದೆ. ಸ್ನೇಹಿತರ ಬಳಿ .32 ರಿವಾಲ್ವರ್ ಇದೆ. ಒಂದರದ್ದು ಇನ್ನೊಂದಕ್ಕೆ ನಡೆಯುತ್ತದೆಯೇ?
— ಚಿತ್ರದುರ್ಗದ ಓದುಗರು

ಉತ್ತರ: ನಡೆಯುವುದಿಲ್ಲ. ‘ಒಳಗೆ ಕೂರುತ್ತದಲ್ಲ’ ಎಂಬ ಮಾತೇ ಅಪಾಯದ ಮೂಲ.

ನಿಮ್ಮದು 7.65 ಬ್ರೌನಿಂಗ್, ಅಂದರೆ .32 ಎ.ಸಿ.ಪಿ. ಆಗಿದ್ದರೆ ಕೇಸಿನ (ಮದ್ದು ತುಂಬಿದ ಹಿತ್ತಾಳೆ ಕೊಳವೆಯ) ಉದ್ದ 17.3 ಮಿ.ಮೀ., ಬುಡದ ಅಂಚು ಕೇಸಿಗಿಂತ ಕೂದಲೆಳೆಯಷ್ಟೇ ಅಗಲ. ಸ್ನೇಹಿತರ ರಿವಾಲ್ವರಿನ .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಕೇಸು 23.4 ಮಿ.ಮೀ., ಅಂಚು ದಪ್ಪಗೆ ಹೊರಚಾಚಿದೆ. ಲಾಂಗ್ ಪಿಸ್ತೂಲಿನ ಮ್ಯಾಗಜೀನಿಗೆ ಹೋಗುವುದೇ ಇಲ್ಲ, ಅಲ್ಲಿ ಗೊಂದಲವಿಲ್ಲ. ತೊಂದರೆ ಇರುವುದು ತಿರುವುಮುರುವಿನಲ್ಲಿ. ಎ.ಸಿ.ಪಿ. ಕಾಟ್ರಿಜ್ ಅನೇಕ ರಿವಾಲ್ವರುಗಳ ಸಿಲಿಂಡರಿನಲ್ಲಿ (ಕಾಟ್ರಿಜ್ ತುಂಬುವ ತಿರುಗುವ ಉರುಳೆಯಲ್ಲಿ) ಕೂತುಬಿಡುತ್ತದೆ, ಹೊಡೆದರೆ ಹಾರುತ್ತದೆ ಕೂಡ. ಆದರೆ ಎಸ್ ಅಂಡ್ ಡಬ್ಲ್ಯೂ ಲಾಂಗಿನ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡು, ಎ.ಸಿ.ಪಿ.ಯದು 20,500. ನೂರು ವರ್ಷದ ಹಳೆಯ ಸಿಲಿಂಡರಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಭಾರ ಹೊರಿಸಿದ ಹಾಗೆ. ಇವತ್ತು ಏನೂ ಆಗದೆ ನಾಳೆ ಬಿರುಕು ಬಿಡಬಹುದು. ಟಾಪ್-ಬ್ರೇಕ್ (ನಳಿಗೆಯನ್ನು ಕೆಳಕ್ಕೆ ಮಡಚಿ ತೆರೆಯುವ) ರಿವಾಲ್ವರಿನಲ್ಲಿ ಮೊದಲು ಸಡಿಲವಾಗುವುದು ಕೀಲು ಮತ್ತು ಮೇಲಿನ ಕೊಂಡಿ.

.32 ಎಂದು ಬರೆದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ ಎಂಬುದಕ್ಕೆ ಇನ್ನೆರಡು ಉದಾಹರಣೆ. .32 ಎಸ್ ಅಂಡ್ ಡಬ್ಲ್ಯೂ ಎಂಬ ಗಿಡ್ಡ ಕಾಟ್ರಿಜ್ (ಕೇಸು 15.4 ಮಿ.ಮೀ.) ಲಾಂಗ್ ರಿವಾಲ್ವರಿನಲ್ಲಿ ಸರಿಯಾಗಿ ನಡೆಯುತ್ತದೆ. ಗಿಡ್ಡದಕ್ಕೆಂದೇ ಮಾಡಿದ ರಿವಾಲ್ವರಿನಲ್ಲಿ ಲಾಂಗ್ ಹಿಡಿಯುವುದಿಲ್ಲ. ಕೋಲ್ಟ್ ರಿವಾಲ್ವರಿನ ನಳಿಗೆಯ ಮೇಲೆ ‘32 ಪೊಲೀಸ್’ ಎಂದಿದ್ದರೆ ಅದು ಎಸ್ ಅಂಡ್ ಡಬ್ಲ್ಯೂ ಲಾಂಗಿಗೇ ಕೋಲ್ಟ್ ಕಂಪನಿ ಇಟ್ಟುಕೊಂಡ ಹೆಸರು. ಪ್ರತಿಸ್ಪರ್ಧಿಯ ಹೆಸರನ್ನು ತನ್ನ ಬಂದೂಕಿನ ಮೇಲೆ ಬರೆಯಲು ಅವರಿಗೆ ಮನಸ್ಸಾಗಲಿಲ್ಲ. ಬರೀ ‘32 ಕೋಲ್ಟ್’ ಎಂದಿದ್ದರೆ ಅದು ತೆಳ್ಳಗಿನ ಕೇಸಿನ ಬೇರೆಯೇ ಕಾಟ್ರಿಜ್, ಇಲ್ಲಿ ಹುಡುಕಿ ಫಲವಿಲ್ಲ. ಕೊಳ್ಳುವ ಮುಂಚೆ ಈ ಒಂದು ಸಾಲನ್ನು ಭೂತಗನ್ನಡಿ ಹಿಡಿದು ಓದಿ.

7.65ರಲ್ಲೂ ಹಾಗೆಯೇ. ಬ್ರೌನಿಂಗ್ ಬೇರೆ, ಪ್ಯಾರಾಬೆಲಮ್ ಬೇರೆ. ಪ್ಯಾರಾಬೆಲಮ್ ಕೇಸು 21.6 ಮಿ.ಮೀ. ಉದ್ದ, ಬಾಟಲಿಯ ಹಾಗೆ ಕುತ್ತಿಗೆ ಕಿರಿದಾಗಿರುತ್ತದೆ. ಬ್ರೌನಿಂಗಿನದು ನೆಟ್ಟಗೆ.

ಪಿಸ್ತೂಲು ಆಗಾಗ ಸಿಕ್ಕಿಹಾಕಿಕೊಳ್ಳುತ್ತದೆ ಎಂದೂ ಬರೆದಿದ್ದೀರಿ. .32 ಎ.ಸಿ.ಪಿ.ಯ ಹುಟ್ಟುಗುಣ ಅದು. ಅಂಚು ತುಸು ಹೊರಗಿರುವುದರಿಂದ ಮ್ಯಾಗಜೀನಿನಲ್ಲಿ ಮೇಲಿನ ಕಾಟ್ರಿಜಿನ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಹಿಂದಕ್ಕೆ ಜಾರಿ ಸಿಕ್ಕಿಕೊಂಡರೆ ಬೀಗ ಬಿದ್ದ ಹಾಗೆ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದುಮುಂದೆ ಸರಿಯುವ ಭಾಗ) ಎಷ್ಟು ಎಳೆದರೂ ಬರುವುದಿಲ್ಲ, ಮ್ಯಾಗಜೀನ್ ಬಿಚ್ಚಿಯೇ ಸರಿಮಾಡಬೇಕು. ಮೂತಿ ಟೊಳ್ಳಾದ ಗಿಡ್ಡ ಗುಂಡುಗಳಲ್ಲಿ ಒಳಗೆ ಜಾಗ ಉಳಿದು ಜಾರುವುದು ಜಾಸ್ತಿ. ಪೂರ್ತಿ ಲೋಹದ ಹೊದಿಕೆಯ, ದುಂಡು ಮೂತಿಯ 71 ಗ್ರೇನ್ ತೂಕದ ಗುಂಡಿನ, ಒಟ್ಟು ಉದ್ದ ಸುಮಾರು 25 ಮಿ.ಮೀ. ಇರುವ ಕಾಟ್ರಿಜನ್ನೇ ಬಳಸಿ. ಈ ಹಳೆಯ ಪಿಸ್ತೂಲುಗಳನ್ನು ಮಾಡಿದ್ದೇ ಅದಕ್ಕೆ.

ಪ್ರಶ್ನೆ: ಲೈಸೆನ್ಸ್ ಆಯಿತು. ಹಳೆಯ ಕೋಲ್ಟ್ ಪಿಸ್ತೂಲು, ಹಳೆಯ ರಿವಾಲ್ವರ್ ಎರಡು ಕಡೆ ಮಾರಾಟಕ್ಕಿವೆ. ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು?
— ಹಿರಿಯೂರಿನ ಓದುಗರು

ಉತ್ತರ: ಕೈಗೆ ತೆಗೆದುಕೊಂಡ ಕೂಡಲೇ ಖಾಲಿ ಇದೆಯೇ ಎಂದು ನೀವೇ ನೋಡಿ. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ಕೋಲ್ಟ್ 1903ರ ಮೊದಲ ಮಾದರಿಗಳಲ್ಲಿ ಮ್ಯಾಗಜೀನ್ ಇಲ್ಲದಾಗ ಹಾರದಂತೆ ತಡೆಯುವ ಏರ್ಪಾಡೇ ಇಲ್ಲ. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ನಳಿಗೆಯ ಬುಡಕ್ಕೆ ಕಿರುಬೆರಳು ಹಾಕಿ ನೋಡಬೇಕು. ಕ್ರಮ ತಪ್ಪಿ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ, ಸ್ಲೈಡ್ ಮುಂದೆ ಹೋಗುವಾಗಲೇ ಹೊಸ ಕಾಟ್ರಿಜ್ ಒಳಗೆ ಕೂತಿರುತ್ತದೆ. ಅಪಘಾತಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಇದು.

ಆಮೇಲೆ ನಳಿಗೆ. ಅಂಗಡಿಯವರು ಎಣ್ಣೆ ಬಳಿದು ಫಳಫಳ ಮಾಡಿಟ್ಟಿರುತ್ತಾರೆ, ಎಣ್ಣೆಯಡಿ ತುಕ್ಕಿನ ಗುಳಿ ಕಾಣುವುದಿಲ್ಲ. ಒಣ ಬಟ್ಟೆ ಹಾಯಿಸಿ ಒರೆಸಲು ಹೇಳಿ, ಬಿಳಿ ಕಾಗದದ ಮೇಲೆ ಬಿದ್ದ ಬೆಳಕು ನಳಿಗೆಯೊಳಗೆ ಹಾಯುವಂತೆ ಹಿಡಿದು ನೋಡಿ. ನಳಿಗೆಯೊಳಗೆ ಕಾರ್ಖಾನೆಯಲ್ಲೇ ಕೊರೆದ ಸುರುಳಿ ಗೀರುಗಳು ಚೂಪಾಗಿ ಕಾಣಬೇಕು. ಸಣ್ಣ ಗುಳಿಗಳಿದ್ದರೆ ಹಾರಿಸಲು ಅಡ್ಡಿಯಿಲ್ಲ, ಬೆಲೆಯಲ್ಲಿ ಮಾತಾಡಿ. ಆದರೆ ಒಂದು ಕಡೆ ಬಳೆಯಂಥ ಕಪ್ಪು ನೆರಳು ಸುತ್ತ ಕಂಡರೆ ನಳಿಗೆ ಉಬ್ಬಿದೆ ಎಂದರ್ಥ. ಹಿಂದೊಮ್ಮೆ ಗುಂಡು ಒಳಗೇ ನಿಂತಿದ್ದಾಗ ಇನ್ನೊಂದನ್ನು ಹಾರಿಸಿದ್ದಾರೆ. ಅಂಥದ್ದು ಪುಕ್ಕಟೆ ಸಿಕ್ಕರೂ ಬೇಡ.

ಮುಂದಿನದು ಅಕ್ಷರ. ಮತ್ತೆ ಪಾಲಿಶ್ ಮಾಡಿ ಬಣ್ಣ ಹಾಕಿದ ಪಿಸ್ತೂಲಿನಲ್ಲಿ ಅಕ್ಷರಗಳ ಅಂಚು ಸವೆದು ದುಂಡಾಗಿರುತ್ತದೆ, ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗು ಬಿದ್ದಿರುತ್ತದೆ. ನೋಡಲು ಹೊಸದು, ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆ ಬಿದ್ದದ್ದು. ಮಾಸಿದ ಮೂಲ ಬಣ್ಣವೇ ಮೇಲು. ಕಂಪನಿಯ ನಂಬರು ಸವೆದಿದ್ದರೆ, ಉಜ್ಜಿದ್ದರೆ ಅಥವಾ ಲೈಸೆನ್ಸಿನಲ್ಲಿ ಇರುವುದಕ್ಕಿಂತ ಒಂದಂಕಿ ಆಚೀಚೆ ಇದ್ದರೆ ಮುಟ್ಟದೆ ಬನ್ನಿ.

ಪ್ರೂಫ್ ಮುದ್ರೆ (ಬಂದೂಕಿನ ಬಲ ಪರೀಕ್ಷಿಸಿ ಒತ್ತಿದ ಗುರುತು) ನೋಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬರ್ಮಿಂಗ್‌ಹ್ಯಾಮಿನ ಬಂದೂಕಿನಲ್ಲಿ ಕಿರೀಟದಡಿ ಇಂಗ್ಲಿಷಿನ ಎರಡೆರಡು ಅಕ್ಷರ ಇರುತ್ತವೆ: ಬಿ.ಪಿ. ಅಂದರೆ ಕರಿಮದ್ದಿಗೆ ಪರೀಕ್ಷೆಯಾಗಿದೆ, ಎನ್.ಪಿ. ಅಂದರೆ ಹೊಗೆರಹಿತ ನೈಟ್ರೊ ಮದ್ದಿಗೆ. ಈಗಿನ ಕಾಟ್ರಿಜುಗಳಲ್ಲಿರುವುದು ನೈಟ್ರೊ ಮದ್ದು. ಬಿ.ಪಿ. ಒಂದೇ ಇರುವ ರಿವಾಲ್ವರನ್ನು ಕಪಾಟಿಗೆ ಎಂದು ಕೊಳ್ಳಬಹುದು, ಹಾರಿಸಲು ಅಲ್ಲ.

ರಿವಾಲ್ವರಿನದು ಇಷ್ಟು: ಖಾಲಿ ಇರುವಾಗ ಹ್ಯಾಮರನ್ನು ನಿಧಾನ ಎಳೆದು, ಸಿಲಿಂಡರ್ ಪೂರ್ತಿ ತಿರುಗಿ ‘ಟಕ್’ ಎಂದು ಕೂತ ಮೇಲೆ ಹ್ಯಾಮರ್ ನಿಲ್ಲಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಬೆರಳಿನಿಂದ ಮುಂದೆ ತಳ್ಳಿ ಕೂರಿಸಬೇಕಾದರೆ ಅದನ್ನು ತಿರುಗಿಸುವ ಒಳಗಿನ ಕೊಕ್ಕೆ (‘ಹ್ಯಾಂಡ್’) ಸವೆದಿದೆ. ಗುಂಡು ನಳಿಗೆಯ ಬಾಯಿಗೆ ನೇರ ಬರದೆ ಅಂಚು ಕೆರೆದು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಆರೂ ಕೋಣೆಗಳಿಗೆ ಇದನ್ನು ಮಾಡಿ ನೋಡಿ, ಐದು ಸರಿಯಿದ್ದು ಒಂದು ಕೈಕೊಡುವುದುಂಟು. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು 0.15 ಮಿ.ಮೀ. ಆಸುಪಾಸಿದ್ದರೆ ಚೆನ್ನ. ಸಂದು ಅಳೆಯುವ ಫೀಲರ್ ಗೇಜ್ ಯಾವ ಗ್ಯಾರೇಜಿನಲ್ಲೂ ಇರುತ್ತದೆ, ಒಂದು ಜೇಬಿನಲ್ಲಿಟ್ಟುಕೊಂಡು ಹೋಗಿ. ಟಾಪ್-ಬ್ರೇಕ್ ಆದರೆ ಮುಚ್ಚಿ ಹಿಡಿದು ನಳಿಗೆಯನ್ನು ಅಕ್ಕಪಕ್ಕ ಅಲ್ಲಾಡಿಸಿ, ಕೀಲು ಅಲ್ಲಾಡಬಾರದು.

ಪಿಸ್ತೂಲಿಗೆ ಮೂಲ ಮ್ಯಾಗಜೀನ್ ಇದೆಯೇ ಎಂಬುದು ಅರ್ಧ ಬೆಲೆಯ ಪ್ರಶ್ನೆ. ಮೇಲಿನ ತುಟಿಗಳಲ್ಲಿ ಬಿರುಕು ಇಲ್ಲದಿರಲಿ. ತುಟಿ ಅಗಲಿಸಿದ್ದರೆ ಕಾಟ್ರಿಜ್ ಮೂತಿ ಮೇಲೆತ್ತಿ ನಿಲ್ಲುತ್ತದೆ. ಇದನ್ನು ಇಕ್ಕಳದಲ್ಲಿ ಬಗ್ಗಿಸಿ ಸರಿಮಾಡುತ್ತೇನೆ ಎನ್ನುವ ಮೇಸ್ತ್ರಿಯನ್ನು ನಂಬಬೇಡಿ. ಗಟ್ಟಿ ಮಾಡಿದ ಉಕ್ಕು ಅದು, ಬಗ್ಗುವುದಿಲ್ಲ, ಮುರಿಯುತ್ತದೆ. ಖಾಲಿ ಪಿಸ್ತೂಲಿನ ಟ್ರಿಗರ್ ಸುಮ್ಮನೆ ಎಳೆದೆಳೆದು ನೋಡುವುದೂ ಬೇಡ, ಹಳೆಯ ಫೈರಿಂಗ್ ಪಿನ್ ಮುರಿದರೆ ಬದಲಿ ಸಿಗದು. ನೋಡಲೇಬೇಕಾದರೆ ಮದ್ದಿಲ್ಲದ ಡಮ್ಮಿ ಕಾಟ್ರಿಜ್ ಹಾಕಿ.

ಪ್ರಶ್ನೆ: ನಮ್ಮ ತಾತ ತೀರಿಹೋದರು. ಅವರ .32 ರಿವಾಲ್ವರಿಗೆ 1980ರ ದಶಕದಲ್ಲಿ ಚಿತ್ರದುರ್ಗದ ಡಿ.ಸಿ. ಕಚೇರಿಯಿಂದ ಲೈಸೆನ್ಸ್ ಆಗಿತ್ತು. ರಿವಾಲ್ವರ್ ಮನೆಯ ಬೀರುವಿನಲ್ಲೇ ಇದೆ. ಅಪ್ಪನ ಹೆಸರಿಗೆ ಮಾಡಿಸುವುದು ಹೇಗೆ?
— ಹರಿಹರದ ಓದುಗರು

ಉತ್ತರ: ಮೊದಲು ಬೀರುವಿನಿಂದ ಹೊರಗೆ ಬರಲಿ. ಲೈಸೆನ್ಸ್ ತಾತನ ಹೆಸರಿನಲ್ಲಿತ್ತು. ಅವರಿಲ್ಲದ ಮೇಲೆ ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವ ಹಕ್ಕು ಸದ್ಯ ಯಾರಿಗೂ ಇಲ್ಲ. ಕಾಯ್ದೆಯ 21ನೇ ಕಲಮಿನಂತೆ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಮನೆಯಲ್ಲಿ ಉಳಿದಿರುವ ಕಾಟ್ರಿಜುಗಳನ್ನೂ ಎಣಿಸಿ ಅದೇ ರಸೀದಿಯಲ್ಲಿ ಬರೆಸಿ. ಒಯ್ಯುವ ಮುಂಚೆ ಠಾಣೆಗೆ ಫೋನ್ ಮಾಡಿ ತಿಳಿಸಿದರೆ ದಾರಿಯಲ್ಲಿ ತೊಡಕಿಲ್ಲ.

ಠೇವಣಿ ಎಷ್ಟು ತಿಂಗಳಾಗುತ್ತದೋ ಹೇಳಲಾಗದು. ಆದ್ದರಿಂದ ಕೊಡುವ ಮುಂಚೆ ನಂಬರು ಕಾಣುವಂತೆ ಫೋಟೊ ತೆಗೆಯಿರಿ, ನಳಿಗೆ ಮತ್ತು ಸಿಲಿಂಡರಿಗೆ ತೆಳುವಾಗಿ ಎಣ್ಣೆ ಸವರಿ, ಚರ್ಮದ ಹೋಲ್‌ಸ್ಟರಿನಲ್ಲಿ ಮಾತ್ರ ಇಟ್ಟು ಕೊಡಬೇಡಿ. ಹದ ಮಾಡಿದ ಚರ್ಮ ತೇವ ಹಿಡಿಯುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಹೋಲ್‌ಸ್ಟರಿನ ಹೊಲಿಗೆಯ ಗುರುತು ಕೂಡ ಉಕ್ಕಿನ ಮೇಲೆ ತುಕ್ಕಾಗಿ ಮೂಡಿರುತ್ತದೆ. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿದರೆ ಸಾಕು.

ಅರ್ಜಿ ಈಗ ದಾವಣಗೆರೆ ಜಿಲ್ಲಾಧಿಕಾರಿಗಳಿಗೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಹರಿಹರ, ಜಗಳೂರು, ದಾವಣಗೆರೆ ತಾಲ್ಲೂಕುಗಳು ಚಿತ್ರದುರ್ಗದಿಂದ ಬಂದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ. ಹಳೆಯ ಲೈಸೆನ್ಸಿನ ಮೂಲ ಕಡತ ಯಾವ ಊರಿನಲ್ಲಿದೆ ಎಂಬುದು ಇದರಿಂದಲೇ ತೀರ್ಮಾನ. ತಾತನ ಲೈಸೆನ್ಸ್ ಪುಸ್ತಕದ ನವೀಕರಣ ಪುಟಗಳನ್ನು ನೋಡಿ: 1997ರ ನಂತರದ ಮೊಹರು ದಾವಣಗೆರೆಯದಾಗಿದ್ದರೆ ಕಡತ ವರ್ಗವಾಗಿದೆ. ಇಲ್ಲದಿದ್ದರೆ ಚಿತ್ರದುರ್ಗದಿಂದ ದೃಢೀಕರಣ ತರಿಸಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿದ ವಿಶಿಷ್ಟ ಗುರುತಿನ ಸಂಖ್ಯೆ, ಯು.ಐ.ಎನ್., ಲೈಸೆನ್ಸಿನ ಮೇಲೆ ಇದೆಯೇ ಎಂಬುದನ್ನೂ ನೋಡಿ.

ಜೊತೆಗೆ ಕೊಡಬೇಕಾದವು: ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆಯ ಪ್ರಮಾಣಪತ್ರ, ಮೂಲ ಲೈಸೆನ್ಸ್, ಠೇವಣಿ ರಸೀದಿ, ನಮೂನೆ ಎ-1 ಮತ್ತು ಅದರ ಲಗತ್ತುಗಳು. ಕೆಲಸ ಕೆಡುವುದು ಸಾಮಾನ್ಯವಾಗಿ ಒಪ್ಪಿಗೆಯಲ್ಲಿ. ಮದುವೆಯಾಗಿ ಹೋದ ಅತ್ತೆಯಂದಿರ ಸಹಿ ಬೇಕೆಂಬುದು ಕೊನೆಗೆ ನೆನಪಾಗುತ್ತದೆ. ನಿಮ್ಮಪ್ಪನ ಬಳಿ ಆಗಲೇ ಎರಡು ಬಂದೂಕಿದ್ದರೆ ಇದು ಅವರಿಗೆ ಬರುವಂತಿಲ್ಲ, ಬೇರೆ ವಾರಸುದಾರರು ಕೇಳಬೇಕು. ಯಾರಿಗೂ ಬೇಡವಾದರೆ ವ್ಯಾಪಾರಿಯ ಮೂಲಕ ಮಾರಿ. ಠೇವಣಿಯಲ್ಲಿಟ್ಟು ಮರೆತರೆ ಅವಧಿ ಮುಗಿದ ಮೇಲೆ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ.

ಹಿರಿಯರು ಇನ್ನೂ ಇರುವ ಮನೆಗಳಿಗೆ: ಲೈಸೆನ್ಸುದಾರರಿಗೆ 70 ವರ್ಷ ತುಂಬಿದ ಮೇಲೆ, ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದ ಮೇಲೆ, ಯಾವುದು ಮೊದಲೋ ಆಗ, ಅವರು ತಾವೇ ಒಬ್ಬ ವಾರಸುದಾರರನ್ನು ಹೆಸರಿಸಿ ವರ್ಗಾಯಿಸಲು ಅವಕಾಶವಿದೆ. ಅತ್ತೆಯಂದಿರನ್ನು ಹುಡುಕುವುದಕ್ಕಿಂತ ಇದು ಹಗುರ.

ಪ್ರಶ್ನೆ: ಅಟ್ಟ ಇಳಿಸುವಾಗ ಹಳೆಯ ಸಂದೂಕದಲ್ಲಿ ಒಂದು ಕೈಕೋವಿ ಸಿಕ್ಕಿದೆ. ಬಾಯಿಯಿಂದ ಮದ್ದು ತುಂಬುವಂಥದು, ಕೇಪಿನದು. ಹೈದರಾಲಿ ದುರ್ಗ ಗೆದ್ದ ಕಾಲದ್ದು ಎಂದು ಹಿರಿಯರ ಮಾತು. ಲೈಸೆನ್ಸ್ ಬೇಕೇ? ಮಾರಿದರೆ ಎಷ್ಟು ಬರಬಹುದು?
— ಹೊಳಲ್ಕೆರೆಯ ಓದುಗರು

ಉತ್ತರ: ಬೆಲೆಯ ಮಾತು ಆಮೇಲೆ. ಅದರೊಳಗೆ ಮದ್ದು ಇದೆಯೇ ಎಂಬುದು ಮೊದಲು. ನಾಡಕೋವಿಗಳನ್ನು ತುಂಬಿಟ್ಟು ಮರೆಯುವುದು ಹಿಂದೆ ಸಾಮಾನ್ಯವಾಗಿತ್ತು. ಕೋಟೆಯ ಮದ್ದು ಬೀಸುವ ಕಲ್ಲುಗಳನ್ನು ನೀವು ನೋಡಿರುತ್ತೀರಿ. ಅಲ್ಲಿ ಅರೆಯುತ್ತಿದ್ದಂಥ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲಿನ ಬರೀ ಬೆರಕೆ. ತೇವ ತಾಗದಿದ್ದರೆ ಎಷ್ಟು ವರ್ಷವಾದರೂ ಕೆಡುವುದಿಲ್ಲ, ತೇವವಾಗಿ ಒಣಗಿದರೂ ಹೊತ್ತಿಕೊಳ್ಳಬಲ್ಲದು.

ನೋಡುವ ಬಗೆ ಇದು. ಕೇಪು (ಹ್ಯಾಮರ್ ಬಡಿದಾಗ ಕಿಡಿ ಕೊಡುವ ಪುಟ್ಟ ಟೊಪ್ಪಿ) ಕೂರುವ ಮೊಳೆಯಂಥ ನಿಪ್ಪಲ್ ಮೇಲೆ ಕೇಪು ಇದ್ದರೆ ಏನನ್ನೂ ಮುಟ್ಟದೆ, ಬಾಯಿ ಯಾರ ಕಡೆಗೂ ಇಲ್ಲದಂತೆ ಇಟ್ಟು ಠಾಣೆಗೆ ತಿಳಿಸಿ. ಇಲ್ಲದಿದ್ದರೆ ಒಂದು ತೆಳ್ಳನೆಯ ಮರದ ಕಡ್ಡಿಯನ್ನು ಬಾಯಿಯಿಂದ ನಿಧಾನ ಇಳಿಬಿಡಿ. ಕಬ್ಬಿಣದ ಸಲಾಕೆ ಬೇಡ, ಕುಟ್ಟುವುದು ಬೇಡವೇ ಬೇಡ. ನಿಂತ ಕಡೆ ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗುರುತು ಮಾಡಿ. ಹೊರತೆಗೆದು ಅದೇ ಗುರುತನ್ನು ಬಾಯಿಗೆ ಹೊಂದಿಸಿ ನಳಿಗೆಯ ಹೊರಗೆ ಉದ್ದಕ್ಕೂ ಹಿಡಿಯಿರಿ. ಕಡ್ಡಿಯ ತುದಿ ನಿಪ್ಪಲಿನ ನೇರಕ್ಕೆ ಬಂದರೆ ಖಾಲಿ. ಎರಡು ಬೆರಳಗಲವೋ ಹೆಚ್ಚೋ ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಅದು ಬರೀ ಇಲಿ ಗೂಡೂ ಇರಬಹುದು, ಆದರೂ ತೆಗೆಯುವ ಕೆಲಸ ನಿಮ್ಮದಲ್ಲ.

ಕಾಲದ ಬಗ್ಗೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನಬಾರದಲ್ಲ. ಹೈದರಾಲಿ ಚಿತ್ರದುರ್ಗ ಹಿಡಿದದ್ದು 1779ರಲ್ಲಿ. ಕೇಪು ಬಳಕೆಗೆ ಬಂದದ್ದು 1820ರ ಸುಮಾರಿನಿಂದ. ಅಂದಮೇಲೆ ಕೇಪಿನ ಕೋವಿ ಅವನ ಕಾಲದ್ದಾಗಿರಲು ಒಂದೇ ದಾರಿ: ಮೊದಲು ಚಕಮಕಿ ಕಲ್ಲಿನದಾಗಿದ್ದು ಆಮೇಲೆ ಕೇಪಿಗೆ ಮಾರ್ಪಾಡಾಗಿರಬೇಕು. ಹಾಗಿದ್ದರೆ ಪಕ್ಕದ ಲಾಕ್ ತಗಡಿನ ಮೇಲೆ ಮುಚ್ಚಿದ ಹಳೆಯ ಸ್ಕ್ರೂ ತೂತುಗಳು ಕಾಣುತ್ತವೆ. ಇಲ್ಲದಿದ್ದರೆ ಅದು ಹತ್ತೊಂಬತ್ತನೇ ಶತಮಾನದ್ದು, ಅದರಲ್ಲಿ ಅವಮಾನವೇನಿಲ್ಲ. ಹಿಡಿಕೆಯ ಮೇಲೆ ಹೊಸದಾಗಿ ಕೆತ್ತಿದ ಹುಲಿಪಟ್ಟೆ ಕಂಡರೆ ಮಾತ್ರ ಅನುಮಾನಿಸಿ. ಟಿಪ್ಪುವಿನ ಹೆಸರಿನಲ್ಲಿ ಮಾರಲು ಹಾಗೆ ಮಾಡುವವರಿದ್ದಾರೆ.

ಲೈಸೆನ್ಸಿನ ಬಗ್ಗೆ: ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಒಂದು ಬಾಲವಿದೆ: ‘ರಿಪೇರಿ ಮಾಡಿದರೂ ಮಾಡದಿದ್ದರೂ’ ಬಂದೂಕಾಗಿ ಬಳಸಲು ಬರದಂತಿರಬೇಕು. ತುಕ್ಕು ಹಿಡಿದಿದೆ, ಹ್ಯಾಮರ್ ಮುರಿದಿದೆ ಎಂದರೆ ಸಾಲದು. ಕಮ್ಮಾರರೊಬ್ಬರು ಒಂದು ದಿನದಲ್ಲಿ ಸರಿಮಾಡಬಹುದಾದರೆ ಕಾನೂನಿನ ಕಣ್ಣಿಗೆ ಅದು ಬಂದೂಕೇ. ಇದನ್ನು ನೀವೇ ತೀರ್ಮಾನಿಸಬೇಡಿ. ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ ಪರೀಕ್ಷೆ ಮಾಡಿಸಿ ಕಾಗದ ಪಡೆಯಿರಿ. ಆ ಕಾಗದವಿಲ್ಲದೆ ಮಾರಲು ಹೊರಟರೆ ಕೊಂಡವರಿಗೂ ನಿಮಗೂ ಕಷ್ಟ. ನೂರು ವರ್ಷ ದಾಟಿದ ವಸ್ತುವನ್ನು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ ಎಂಬುದೂ ಗೊತ್ತಿರಲಿ. ‘ಲಂಡನ್ನಿನಲ್ಲಿ ಹರಾಜಿಗೆ ಹಾಕಿಸುತ್ತೇನೆ’ ಎಂದು ಬರುವವರಿಗೆ ಇದೇ ಉತ್ತರ.

ಪ್ರಶ್ನೆ: ಡಬ್ಬಿಯಲ್ಲಿ ಇಪ್ಪತ್ತು ವರ್ಷದ ಹಿಂದಿನ .32 ಕಾಟ್ರಿಜುಗಳಿವೆ, ಲೈಸೆನ್ಸಿನಲ್ಲಿ ದಾಖಲಾದವೇ. ಬಳಸಬಹುದೇ? ಹೊಸದನ್ನು ಎಷ್ಟು ಕೊಳ್ಳಬಹುದು, ಎಲ್ಲಿಡಬೇಕು?
— ಚನ್ನಗಿರಿಯ ಓದುಗರು

ಉತ್ತರ: ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಹಿತ್ತಾಳೆ ಬರೀ ಮಂಕಾಗಿದ್ದರೆ ತೊಂದರೆಯಿಲ್ಲ. ಹಸಿರು ಕಿಲುಬು ಕಟ್ಟಿದ್ದು, ಕುತ್ತಿಗೆಯಲ್ಲಿ ಸೀಳು ಬಿಟ್ಟದ್ದು, ಗುಂಡು ಬೆರಳಿಗೆ ತಿರುಗುವುದು ಅಥವಾ ಒಳಕ್ಕೆ ಕುಸಿದದ್ದು ಇವನ್ನು ಬೇರೆ ಮಾಡಿ ವ್ಯಾಪಾರಿಗೋ ಠಾಣೆಗೋ ಒಪ್ಪಿಸಿ. ಕಸದ ಬುಟ್ಟಿ, ಭದ್ರಾ ನಾಲೆ ಎರಡೂ ಬೇಡ. ಕಿಲುಬನ್ನು ಉಜ್ಜಿ ಹೊಳಪು ಮಾಡಬೇಡಿ, ಸವೆದ ಹಿತ್ತಾಳೆ ಕಣ್ಣಿಗೆ ಕಾಣುವುದಿಲ್ಲ.

ಹಳೆಯದನ್ನು ಹಾರಿಸುವಾಗ ಎರಡು ಬಗೆಯ ಎಡವಟ್ಟು. ಟ್ರಿಗರ್ ಎಳೆದರೂ ಹಾರದಿದ್ದರೆ ಕೂಡಲೇ ತೆರೆಯಬೇಡಿ. ಬಾಯಿ ಗುರಿಯ ಕಡೆಗೇ ಇಟ್ಟು ಒಂದು ನಿಮಿಷ ಕಾಯಿರಿ. ಪ್ರೈಮರ್ (ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಭಾಗ) ತಡವಾಗಿ ಹೊತ್ತುವುದುಂಟು. ಇನ್ನೊಂದು, ಸದ್ದು ಪುಸ್ಸೆಂದು ಕಡಿಮೆಯಾಗಿ ಕೈಗೆ ಒದೆತವೂ ಬರದಿದ್ದರೆ ಗುಂಡು ನಳಿಗೆಯಲ್ಲೇ ನಿಂತಿರಬಹುದು. ಖಾಲಿ ಮಾಡಿ, ನಳಿಗೆಯಲ್ಲಿ ಬೆಳಕು ಹಾಯುವುದನ್ನು ನೋಡದೆ ಎರಡನೆಯದನ್ನು ಹಾರಿಸಬೇಡಿ. ಮೇಲೆ ಹೇಳಿದ ಉಬ್ಬಿದ ನಳಿಗೆ ಹುಟ್ಟುವುದು ಈ ಅವಸರದಲ್ಲೇ. ಎರಡನೇ ಮಹಾಯುದ್ಧದ ಹಿಂದುಮುಂದಿನ ಕಾಟ್ರಿಜ್ ಇದ್ದರೆ ಅದರ ಪ್ರೈಮರಿನ ಉಪ್ಪು ನಳಿಗೆಯಲ್ಲಿ ಉಳಿದು ತೇವ ಎಳೆದುಕೊಳ್ಳುತ್ತದೆ, ಎರಡು ದಿನದಲ್ಲಿ ತುಕ್ಕು. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ. ಬಿಸಿನೀರು ಹಾಯಿಸಿ ತೊಳೆದು, ಒರೆಸಿ, ಆಮೇಲೆ ಎಣ್ಣೆ.

ಎಷ್ಟು ಕೊಳ್ಳಬಹುದೆಂಬುದು ನಿಮ್ಮ ಲೈಸೆನ್ಸಿನಲ್ಲೇ ಇದೆ. ಎರಡು ಅಂಕಿ ಇರುತ್ತವೆ: ಒಂದು ಸಲಕ್ಕೆ ನಿಮ್ಮ ಬಳಿ ಇರಬಹುದಾದದ್ದು, ವರ್ಷಕ್ಕೆ ಕೊಳ್ಳಬಹುದಾದದ್ದು. ಡಬ್ಬಿಯಲ್ಲಿರುವ ಹಳೆಯವೂ ಮೊದಲ ಅಂಕಿಯಲ್ಲಿ ಸೇರುತ್ತವೆ. ಅದನ್ನು ಮರೆತು ಹೊಸದನ್ನು ಪೂರ್ತಿ ಕೊಂಡರೆ ಮಿತಿ ಮೀರಿತು. ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಂಡು, ಕಾಟ್ರಿಜಿನ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಸಿ, ಬಿಲ್ಲು ಇಟ್ಟುಕೊಳ್ಳಿ. .32ಕ್ಕೂ ಕೆಲವು ಸಲ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಆದ್ದರಿಂದ ಕೊನೆಯ ಐದಕ್ಕೆ ಬರುವವರೆಗೆ ಸುಮ್ಮನಿರಬೇಡಿ. ಕೊಳ್ಳುವಾಗ ಒಂದೇ ತಯಾರಿಕಾ ಬ್ಯಾಚಿನದನ್ನು ಕೇಳಿ.

ಇಡುವುದು ಪಿಸ್ತೂಲಿನಿಂದ ಬೇರೆ ಬೀಗದಲ್ಲಿ. ತಗಡಿನ ಛಾವಣಿಯ ಅಟ್ಟ, ಅಡುಗೆಮನೆಯ ಗೋಡೆ ಬೇಡ; ಏಪ್ರಿಲ್ ಬಿಸಿಲಿಗೆ ನಮ್ಮ ಅಟ್ಟಗಳು ಒಲೆಯಾಗುತ್ತವೆ. ಒಳಕೋಣೆಯ ಕೆಳಗಿನ ಖಾನೆ, ಮುಚ್ಚಳ ಬಿಗಿಯಾದ ಡಬ್ಬಿ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ. ಕಾಟ್ರಿಜಿಗೆ ಎಣ್ಣೆ ಹಚ್ಚುವ ಅಭ್ಯಾಸ ಕೆಲವರಿಗಿದೆ. ಎಣ್ಣೆ ಪ್ರೈಮರಿನೊಳಗೆ ಇಳಿದು ಅದನ್ನು ಸಾಯಿಸುತ್ತದೆ, ಆಮೇಲೆ ಕಾರ್ಖಾನೆಯನ್ನು ಬೈಯುತ್ತಾರೆ.

ಪ್ರಶ್ನೆ: ಖಾಲಿ ಕೇಸುಗಳಿಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳಬಹುದೇ?
— ಜಗಳೂರಿನ ಓದುಗರು

ಉತ್ತರ: ಇಲ್ಲ. ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಲೈಸೆನ್ಸ್ ಬೇಕು. ನಿಮ್ಮಲ್ಲಿರುವುದು ಇಟ್ಟುಕೊಳ್ಳುವ ಲೈಸೆನ್ಸ್.

ಪ್ರಶ್ನೆ: ಇಷ್ಟೆಲ್ಲ ಕಾಗದಪತ್ರ ನಮ್ಮಿಂದಾಗದು. ಏರ್ ಪಿಸ್ತೂಲಿನಿಂದ ಶುರುಮಾಡಿದರೆ ಹೇಗೆ?
— ಹೊಸದುರ್ಗದ ಓದುಗರು

ಉತ್ತರ: ಚೆನ್ನಾಗಿರುತ್ತದೆ. 4.5 ಮಿ.ಮೀ. (.177) ಬೋರಿನ, 20 ಜೂಲ್ ದಾಟದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ; ಕೊಳ್ಳುವಾಗ ಗುರುತು ಮತ್ತು ವಿಳಾಸದ ದಾಖಲೆ ಕೊಡಬೇಕು. ಶಕ್ತಿಯ ಲೆಕ್ಕ ಸುಲಭ. ಅರ್ಧ ಗ್ರಾಮಿನ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಸೆಕೆಂಡಿಗೆ 150 ಮೀಟರ್ ಹೋದರೆ ಸುಮಾರು 5.6 ಜೂಲ್, 20 ಜೂಲ್ ಆಗಬೇಕಾದರೆ ಅದೇ ಪೆಲೆಟ್ 283 ಮೀಟರ್ ವೇಗದಲ್ಲಿ ಹೋಗಬೇಕು. ಗುರಿ ಅಭ್ಯಾಸದ ಏರ್ ಪಿಸ್ತೂಲುಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಹಳೆಯ ವೆಬ್ಲಿ ಏರ್ ಪಿಸ್ತೂಲುಗಳಲ್ಲಿ .22 ಬೋರಿನವೂ ಇವೆ. ಅಂಥದ್ದು ಕಂಡರೆ ಕೊಳ್ಳುವ ಮುಂಚೆ ಠಾಣೆಯಲ್ಲಿ ಕೇಳಿ.

ಹಳೆಯದನ್ನು ಕೊಂಡರೆ ಮೊದಲು ಸೋಲುವುದು ಪಿಸ್ಟನ್ನಿನ ಚರ್ಮದ ವಾಷರ್. ಒಣಗಿ ಕುಗ್ಗಿ ಗಾಳಿ ಸೋರುತ್ತದೆ. ಸಿಲಿಕೋನ್ ಎಣ್ಣೆ ಎರಡು ಹನಿ ಬಿಟ್ಟು ಒಂದು ರಾತ್ರಿ ನೆನೆಯಲು ಇಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಪೆಟ್ರೋಲಿಯಂ ಎಣ್ಣೆ ಬಿಟ್ಟರೆ ಒತ್ತಡಕ್ಕೆ ಅದೇ ಹೊತ್ತಿಕೊಂಡು ಪಟಾಕಿಯಂತೆ ಸದ್ದಾಗುತ್ತದೆ, ಸೀಲ್ ಸುಡುತ್ತದೆ. ಪೆಲೆಟ್ ಇಲ್ಲದೆ ಹಾರಿಸಿದರೆ ಪಿಸ್ಟನ್ ನೇರ ಲೋಹಕ್ಕೆ ಬಡಿಯುತ್ತದೆ. ಆ ಆಟವನ್ನು ಮಕ್ಕಳ ಕೈಗೆ ಕೊಡಬೇಡಿ. ಗುರಿಹಲಗೆಯ ಹಿಂದೆ ಕಲ್ಲಿನ ಗೋಡೆ ಇದ್ದರೆ ಪೆಲೆಟ್ ಸಿಡಿದು ಹಿಂದಕ್ಕೆ ಬರುತ್ತದೆ. ಒಂದು ರಟ್ಟಿನ ಪೆಟ್ಟಿಗೆಗೆ ಹಳೆಯ ಬಟ್ಟೆ ಒತ್ತಾಗಿ ತುರುಕಿ ಅದನ್ನು ಹಿಂದೆ ಇಡಿ. ಅಂಗಳದಲ್ಲಿ ಯಾರೇ ಇರಲಿ, ಎಲ್ಲರಿಗೂ ಕನ್ನಡಕ.